ಟೆಸ್ಟ್ ಕರ್ನಲ್‌ನಲ್ಲಿ ಫೈಲ್ ಸಿಸ್ಟಂ ಕೆಟ್ಟರೆ ಎಫ್‌ಎಸ್‌ಸಿಕೆಗೆ ಅವಸರ ಬೇಡ

ಮಾನ್ಯ ಸಂಪಾದಕರೇ,

ಲಿನಕ್ಸ್ ಕಂಪ್ಯೂಟರಿನಲ್ಲಿ ಫೈಲ್ ಸಿಸ್ಟಂ (ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆ) ದೋಷ ಕಾಣಿಸಿದ ಕೂಡಲೇ ‘ಎಫ್‌ಎಸ್‌ಸಿಕೆ -ವೈ ಹೊಡಿ, ಸರಿಹೋಗುತ್ತೆ’ ಎಂಬ ಸಲಹೆ ಎಲ್ಲ ಕಡೆಯಿಂದಲೂ ಬರುತ್ತದೆ. ಎಫ್‌ಎಸ್‌ಸಿಕೆ ಎಂಬುದು ಫೈಲ್ ಸಿಸ್ಟಂ ಪರೀಕ್ಷಿಸಿ ರಿಪೇರಿ ಮಾಡುವ ಕಮ್ಯಾಂಡು, ‘-ವೈ’ ಎಂದರೆ ಅದು ಕೇಳುವ ಎಲ್ಲ ಪ್ರಶ್ನೆಗೂ ಹೌದು ಎಂದಂತೆ. ಕರೆಂಟ್ ಹೋಗಿ ಮಷಿನ್ ದಿಢೀರನೆ ಆರಿದಾಗ ಈ ಸಲಹೆಯಿಂದ ಸಾಮಾನ್ಯವಾಗಿ ತೊಂದರೆಯಾಗುವುದಿಲ್ಲ. ಆದರೆ ಮಷಿನ್‌ನಲ್ಲಿ ಓಡುತ್ತಿರುವುದು ಇನ್ನೂ ಪರೀಕ್ಷೆಯಲ್ಲಿರುವ ಕರ್ನಲ್ (ಲಿನಕ್ಸ್‌ನ ತಿರುಳಾದ ಪ್ರೋಗ್ರಾಂ) ಆಗಿದ್ದರೆ, ಉಳಿದಿದ್ದ ಡೇಟಾವನ್ನೂ ಕೈಯಾರೆ ಅಳಿಸಿಕೊಳ್ಳುವ ದಾರಿ ಇದು. ಎಂಜಿನಿಯರಿಂಗ್ ವಿದ್ಯಾರ್ಥಿಗಳು ಪ್ರಾಜೆಕ್ಟ್‌ಗೆಂದು ತಮ್ಮ ಒಂದೇ ಒಂದು ಲ್ಯಾಪ್‌ಟಾಪ್‌ನಲ್ಲಿ ಆರ್‌ಸಿ (ರಿಲೀಸ್ ಕ್ಯಾಂಡಿಡೇಟ್, ಅಂದರೆ ಬಿಡುಗಡೆಗೆ ಮುಂಚಿನ ಪರೀಕ್ಷಾ ಆವೃತ್ತಿ) ಕರ್ನಲ್ ಹಾಕಿಕೊಳ್ಳುವುದು ಈಗ ಸಾಮಾನ್ಯ. ಅವರಿಗಾಗಿ ಈ ಪತ್ರ. ಕಮ್ಯಾಂಡುಗಳನ್ನು ಕನ್ನಡದಲ್ಲೇ ಅಕ್ಷರ ಬಿಡಿಸಿ ಬರೆದಿದ್ದೇನೆ. ಟೈಪ್ ಮಾಡುವಾಗ, ದೊಡ್ಡಕ್ಷರ ಎಂದು ಹೇಳಿದ್ದನ್ನು ಬಿಟ್ಟು, ಎಲ್ಲವೂ ಇಂಗ್ಲಿಷ್ ಸಣ್ಣಕ್ಷರ.

ಕರ್ನಲ್ ಒಂಬತ್ತು ಹತ್ತು ವಾರಕ್ಕೊಂದು ಹೊಸ ಆವೃತ್ತಿ ಕಾಣುತ್ತದೆ. ಮೊದಲ ಎರಡು ವಾರ ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ಹೊಸ ಕೋಡ್ ಸೇರಿಸಿಕೊಳ್ಳುತ್ತಾರೆ. ಅದು ಮುಗಿದ ದಿನ ಆರ್‌ಸಿ1 ಹೊರಬರುತ್ತದೆ. ಆಮೇಲೆ ವಾರಕ್ಕೊಂದರಂತೆ ಆರ್‌ಸಿ7 ಅಥವಾ ಆರ್‌ಸಿ8ರ ತನಕ ತಪ್ಪು ತಿದ್ದುವ ಕೆಲಸ. ಆ ಎರಡು ವಾರದಲ್ಲಿ ಸೇರುವ ಬದಲಾವಣೆಗಳು ಹತ್ತು ಸಾವಿರ ದಾಟುವುದು ಮಾಮೂಲು. ಹಾಗಾಗಿ ಎಲ್ಲಕ್ಕಿಂತ ಹೆಚ್ಚು ಅಪಾಯ ಇರುವುದು ಆರ್‌ಸಿ1ರಲ್ಲಿ.

ಅಪಾಯ ಎಂಥದ್ದು ಎಂಬುದಕ್ಕೆ 2021ರ ಉದಾಹರಣೆ ಸಾಕು. ಆ ವರ್ಷ ಫೆಬ್ರುವರಿ 28ರಂದು 5.12-ಆರ್‌ಸಿ1 ಬಂತು. ಮಾರ್ಚ್ 3ರಂದು ಲಿನಸ್ ಅವರೇ ಅದನ್ನು ಬಳಸಬೇಡಿ ಎಂದು ಎಚ್ಚರಿಸಿ, ಅದರ ಹೆಸರಿನ ಬಾಲಕ್ಕೆ ‘ಡೋಂಟ್‌ಯೂಸ್’ ಎಂದು ಸೇರಿಸಿದರು. ಆರ್‌ಸಿ2 ಭಾನುವಾರದ ತನಕ ಕಾಯದೆ ಮಾರ್ಚ್ 5ರ ಶುಕ್ರವಾರವೇ ಹೊರಬಿತ್ತು. ಆಗಿದ್ದ ತಪ್ಪು ಇಷ್ಟೇ: ಸ್ವಾಪ್ ಫೈಲ್ (ಮೆಮೊರಿ ತುಂಬಿದಾಗ ಹೆಚ್ಚಾದದ್ದನ್ನು ಇಳಿಸಿಡುವ ಫೈಲ್) ಬಳಸುವವರ ಡಿಸ್ಕ್‌ನಲ್ಲಿ ಆ ಫೈಲ್ ಪಾರ್ಟಿಷನ್ನಿನ (ಡಿಸ್ಕಿನ ಒಂದು ವಿಭಾಗದ) ನಡುವೆ ಎಲ್ಲೋ ಒಂದು ಕಡೆ ಶುರುವಾಗಿರುತ್ತದೆ. ಮೆಮೊರಿ ತುಂಬಿ ಒಂದು ಪುಟವನ್ನು ಸ್ವಾಪ್‌ಗೆ ತಳ್ಳುವಾಗ ಕರ್ನಲ್ ‘ಫೈಲ್ ಶುರುವಾದ ಜಾಗದಿಂದ ಇಷ್ಟನೇ ಬ್ಲಾಕ್’ ಎಂದು ಎಣಿಸಬೇಕು. ಕೋಡ್ ಸರಳಗೊಳಿಸುವಾಗ ಆ ಶುರುವಿನ ಲೆಕ್ಕ ಬಿಟ್ಟುಹೋಯಿತು. ಕರ್ನಲ್ ಪಾರ್ಟಿಷನ್ನಿನ ಮೊದಲಿನಿಂದಲೇ ಎಣಿಸಿ ಬರೆಯಿತು. ಇಎಕ್ಸ್‌ಟಿ4 ಎಂಬ ಫೈಲ್ ಸಿಸ್ಟಂನಲ್ಲಿ ಆ ಮೊದಲ ಬ್ಲಾಕ್‌ಗಳಲ್ಲಿ ಇರುವುದು ಸೂಪರ್‌ಬ್ಲಾಕ್ (ಇಡೀ ಫೈಲ್ ಸಿಸ್ಟಂನ ಮೂಲ ವಿವರ) ಮತ್ತು ಯಾವ ಐನೋಡ್ (ಪ್ರತಿ ಫೈಲಿನ ವಿವರ ಇರುವ ದಾಖಲೆ) ಕೋಷ್ಟಕ ಎಲ್ಲಿದೆ ಎಂದು ಹೇಳುವ ಗ್ರೂಪ್ ಡಿಸ್ಕ್ರಿಪ್ಟರ್‌ಗಳು. ಮನೆಯ ನಕ್ಷೆಯ ಮೇಲೆಯೇ ಮಸಿ ಚೆಲ್ಲಿದ ಹಾಗೆ. ಸ್ವಾಪ್‌ಗೆ ಬೇರೆ ಪಾರ್ಟಿಷನ್ ಇಟ್ಟುಕೊಂಡವರಿಗೆ ಏನೂ ಆಗಲಿಲ್ಲ. ಲಿನಸ್ ಅವರ ಮಷಿನ್‌ಗಳೂ ಹಾಗೇ ಇದ್ದದ್ದರಿಂದ ಅವರ ಕಣ್ಣಿಗೆ ಇದು ಬೀಳಲೇ ಇಲ್ಲ. ಇಂಥ ಡಿಸ್ಕನ್ನು ಎಫ್‌ಎಸ್‌ಸಿಕೆಯಿಂದ ಸರಿಪಡಿಸಿ ಮತ್ತೆ ಅದೇ ಕರ್ನಲ್‌ನಲ್ಲಿ ಬೂಟ್ ಮಾಡಿದರೆ, ಮೆಮೊರಿ ತುಂಬಿದ ಕ್ಷಣ ಮತ್ತೆ ಅದೇ ಗತಿ.

2018ರ ಕೊನೆಯಲ್ಲಿ 4.19 ಕರ್ನಲ್‌ನಲ್ಲಿ ಕಾಣಿಸಿಕೊಂಡ ದೋಷ ಇನ್ನೂ ಕಣ್ಣು ತೆರೆಸುವಂಥದ್ದು. ದೂರುಗಳೆಲ್ಲ ಬಂದದ್ದು ಇಎಕ್ಸ್‌ಟಿ4 ಮೇಲೆ. ನಿಜವಾದ ತಪ್ಪು ಅದರ ಕೆಳಗಿನ, ಓದು-ಬರಹದ ವಿನಂತಿಗಳನ್ನು ಡಿಸ್ಕ್‌ಗೆ ಸಾಗಿಸುವ ಬ್ಲಾಕ್ ಪದರದಲ್ಲಿತ್ತು. ಡಿಸ್ಕ್‌ಗೆ ವಿನಂತಿಗಳ ಸರದಿ ನಿಗದಿ ಮಾಡುವ ಷೆಡ್ಯೂಲರ್ ಇಲ್ಲದೆ, ಅಂದರೆ ‘ನನ್’ ಎಂದು ಇದ್ದಾಗ, ನೇರವಾಗಿ ಕಳಿಸಿದ ಒಂದು ವಿನಂತಿಗೆ ಡ್ರೈವರ್ ‘ಈಗ ಬಿಡುವಿಲ್ಲ’ ಎಂದು ಹೇಳಿದರೆ, ಆ ವಿನಂತಿ ಅರೆಬರೆ ಸಿದ್ಧವಾದ ಸ್ಥಿತಿಯಲ್ಲೇ ಬೇರೊಂದರ ಜೊತೆ ಸೇರಿ ಹೋಗಬಹುದಿತ್ತು. ಡೇಟಾ ಹೋಗಿ ಬೀಳುತ್ತಿದ್ದುದು ತಪ್ಪು ಜಾಗಕ್ಕೆ. 4.20-ಆರ್‌ಸಿ6 ಮತ್ತು 4.19.8ರಲ್ಲಿ ಇದನ್ನು ಸರಿಪಡಿಸಲಾಯಿತು. ಎಫ್‌ಎಸ್‌ಸಿಕೆ ಬರೆಯುವ ಪ್ರತಿ ತಿದ್ದುಪಡಿಯೂ ಇದೇ ಬ್ಲಾಕ್ ಪದರವನ್ನು ದಾಟಿಯೇ ಡಿಸ್ಕ್ ಸೇರಬೇಕು. ದೋಷವಿರುವ ಕರ್ನಲ್‌ನಲ್ಲೇ ಕೂತು ರಿಪೇರಿಗೆ ಇಳಿಯುವುದೆಂದರೆ ಕೊಳೆ ನೀರಲ್ಲಿ ಗಾಯ ತೊಳೆದ ಹಾಗೆ. ನನ್ನ ಇಡೀ ವಾದ ಇಷ್ಟೇ: ಮೊದಲು ಬರೆಯುವುದನ್ನು ನಿಲ್ಲಿಸಿ, ಕರ್ನಲ್ ಬದಲಿಸಿ, ಪ್ರತಿ ತೆಗೆಯಿರಿ, ರಿಪೇರಿ ಆಮೇಲೆ.

ಅದಕ್ಕೂ ಮೊದಲು, ನಿಜಕ್ಕೂ ಫೈಲ್ ಸಿಸ್ಟಂ ಕೆಟ್ಟಿದೆಯೇ ಎಂದು ನೋಡಬೇಕು. ಹೊಸ ಕರ್ನಲ್ ಹಾಕಿದ ಮೇಲೆ ಅತಿ ಹೆಚ್ಚು ಹೆದರಿಸುವ ಸಾಲು ‘ವಿಎಫ್‌ಎಸ್: ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್ ಆನ್ ಅನ್‌ನೋನ್-ಬ್ಲಾಕ್’. ಅದರ ಪಕ್ಕದ ಎರಡು ಅಂಕಿಗಳನ್ನು ಓದಿ. 0,0 ಎಂದಿದ್ದರೆ ಕರ್ನಲ್‌ಗೆ ಡಿಸ್ಕೇ ಕಂಡಿಲ್ಲ ಎಂದರ್ಥ. ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಆಗುವಾಗ ಮೊದಲು ಬೇಕಾಗುವ ಡ್ರೈವರ್‌ಗಳ ಕಟ್ಟು) ಲೋಡ್ ಆಗಿಲ್ಲ, ಅಥವಾ ಡಿಸ್ಕ್ ಡ್ರೈವರನ್ನು ಕಂಪೈಲ್ ಮಾಡುವಾಗ ಬಿಟ್ಟಿದ್ದೀರಿ. ಡಿಸ್ಕ್‌ನಲ್ಲಿರುವ ಡೇಟಾಗೆ ಏನೂ ಆಗಿಲ್ಲ. 8,2 ಎಂದಿದ್ದರೆ ಎಸ್‌ಡಿಎ2 (ಮೊದಲ ಡಿಸ್ಕಿನ ಎರಡನೇ ಪಾರ್ಟಿಷನ್) ಕಂಡಿದೆ, ಆದರೆ ಅದನ್ನು ಮೌಂಟ್ ಮಾಡಲು, ಅಂದರೆ ತೆರೆದು ಬಳಕೆಗೆ ಜೋಡಿಸಲು, ಆಗಿಲ್ಲ. ಇಎಕ್ಸ್‌ಟಿ4 ಕೋಡ್ ಕರ್ನಲ್‌ನಲ್ಲಿ ಇದೆಯೇ ಎಂದು ಮೊದಲು ಕಾನ್ಫಿಗ್ ಫೈಲ್ ನೋಡಿ. ಇನಿಟ್‌ರಾಮ್‌ಎಫ್‌ಎಸ್ ಏಕೆ ಹಾಳಾಗುತ್ತದೆ ಎಂದರೆ, ಸ್ವಂತ ಕಂಪೈಲ್ ಮಾಡಿದ ಮಾಡ್ಯೂಲ್‌ಗಳಲ್ಲಿ ಡಿಬಗ್ ಮಾಹಿತಿ ತುಂಬಿಕೊಂಡಿರುತ್ತದೆ. ಆ ಫೈಲ್ ನೂರಾರು ಎಂಬಿಗೆ ಊದಿಕೊಂಡು /ಬೂಟ್ ಪಾರ್ಟಿಷನ್ ತುಂಬಿಹೋಗುತ್ತದೆ, ಫೈಲ್ ಅರ್ಧಕ್ಕೇ ನಿಲ್ಲುತ್ತದೆ. ಮಾಡ್ಯೂಲ್ ಇನ್‌ಸ್ಟಾಲ್ ಮಾಡುವ ಸಾಲಿಗೆ ‘ಇನ್‌ಸ್ಟಾಲ್_ಮಾಡ್_ಸ್ಟ್ರಿಪ್=1’ ಸೇರಿಸಿದರೆ, ಅದನ್ನು ಮಾತ್ರ ದೊಡ್ಡಕ್ಷರದಲ್ಲಿ ಟೈಪ್ ಮಾಡಬೇಕು, ಗಾತ್ರ ಎಷ್ಟೋ ಪಾಲು ಇಳಿಯುತ್ತದೆ. ‘ನೋ ಸ್ಪೇಸ್ ಲೆಫ್ಟ್’ ಎಂದು ಬಂದರೆ ‘ಡಿಎಫ್ -ಎಚ್’ ಜೊತೆಗೆ ‘ಡಿಎಫ್ -ಐ’ ಕೂಡ ನೋಡಿ. ಜಾಗ ಇದ್ದೂ ಐನೋಡ್‌ಗಳು ಮುಗಿದಿರಬಹುದು.

ನಿಜವಾಗಿ ಕೆಟ್ಟಾಗ ಕಾಣುವುದು ಬೇರೆ. ಮಷಿನ್ ಓಡುತ್ತಿರುವಾಗಲೇ ಫೈಲ್ ಸೇವ್ ಆಗದೆ ‘ರೀಡ್-ಓನ್ಲಿ ಫೈಲ್ ಸಿಸ್ಟಂ’ ಎನ್ನುತ್ತದೆ. ಇದು ಇಎಕ್ಸ್‌ಟಿ4 ತನ್ನನ್ನು ತಾನು ಕಾಪಾಡಿಕೊಳ್ಳುವ ಬಗೆ: ‘ರೀಮೌಂಟ್-ಆರ್‌ಒ’ ಎಂದು ಹೊಂದಿಸಿದ್ದರೆ ದೋಷ ಕಂಡೊಡನೆ ಬರೆಯುವುದನ್ನು ನಿಲ್ಲಿಸುತ್ತದೆ. ಅನೇಕರು ಇಲ್ಲೇ ಎಡವುತ್ತಾರೆ. ‘ಮೌಂಟ್ -ಓ ರೀಮೌಂಟ್,ಆರ್‌ಡಬ್ಲ್ಯು’ ಕೊಟ್ಟು ಮತ್ತೆ ಬರೆಯಲು ಒತ್ತಾಯಿಸಬೇಡಿ. ಕೆಟ್ಟ ಬಿಟ್‌ಮ್ಯಾಪ್ (ಯಾವ ಜಾಗ ಖಾಲಿ ಎಂದು ಹೇಳುವ ಪಟ್ಟಿ) ನಂಬಿಕೊಂಡು ಕರ್ನಲ್ ಖಾಲಿ ಎಂದು ತಿಳಿದ ಜಾಗದಲ್ಲಿ ನಿಮ್ಮ ಹಳೆಯ ಫೈಲ್ ಇರಬಹುದು.

ಈ ಹೊತ್ತಿನಲ್ಲಿ ಇನ್ನೊಂದು ವಿಷಯ ತಪ್ಪಿಹೋಗುತ್ತದೆ. ರೂಟ್ ಪಾರ್ಟಿಷನ್ ರೀಡ್-ಓನ್ಲಿ ಆದ ಮೇಲೆ ಲಾಗ್ ಫೈಲ್‌ಗೂ ಏನೂ ಬರೆಯಲಾಗದು. ದೋಷದ ವಿವರ ಇರುವುದು ಮೆಮೊರಿಯಲ್ಲಿ ಮಾತ್ರ. ಆರಿಸಿದರೆ ಅದೂ ಹೋಯಿತು. ಆದ್ದರಿಂದ ರೀಬೂಟ್‌ಗೆ ಮೊದಲು ಪೆನ್‌ಡ್ರೈವ್ ಹಾಕಿ, ಕರ್ನಲ್‌ನ ಸಂದೇಶಗಳನ್ನು ತೋರಿಸುವ ‘ಡಿಎಂಇಎಸ್‌ಜಿ’ಯ ಔಟ್‌ಪುಟ್ ಅದಕ್ಕೆ ಕಳಿಸಿ. ಪೆನ್‌ಡ್ರೈವ್ ಮೌಂಟ್ ಆಗದಿದ್ದರೆ ಸ್ಕ್ರೀನಿನ ಫೋಟೊವನ್ನು ಮೊಬೈಲ್‌ನಲ್ಲಿ ತೆಗೆಯಿರಿ. ಅದರಲ್ಲಿ ಹುಡುಕಬೇಕಾದದ್ದು ಮೊದಲ ದೋಷದ ಸಾಲು. ಅದರ ನಂತರದ ನೂರು ಸಾಲುಗಳು ಬಹುತೇಕ ಅದರ ಪರಿಣಾಮ. ಒಂದು ಸಾಲು ಹೀಗಿರುತ್ತದೆ: ‘ಇಎಕ್ಸ್‌ಟಿ4-ಎಫ್‌ಎಸ್ ಎರರ್ (ಡಿವೈಸ್ ಎಸ್‌ಡಿಎ2): ಇಎಕ್ಸ್‌ಟಿ4_ಲುಕಪ್: ಐನೋಡ್ #131074: ಕಾಮ್ ಎಲ್‌ಎಸ್: ಡಿಲೀಟೆಡ್ ಐನೋಡ್ ರೆಫರೆನ್ಸ್‌ಡ್: 131099’. ಇದರಲ್ಲಿ ಎಸ್‌ಡಿಎ2 ಪಾರ್ಟಿಷನ್ನು. ಲುಕಪ್ ಎಂದರೆ ಫೋಲ್ಡರಿನಲ್ಲಿ ಹೆಸರು ಹುಡುಕುವ ಕೆಲಸದಲ್ಲಿ ದೋಷ ಸಿಕ್ಕಿದೆ. 131074 ಆ ಫೋಲ್ಡರಿನ ಐನೋಡ್. ಕಾಮ್ ಮುಂದಿರುವುದು ಆಗ ಓಡುತ್ತಿದ್ದ ಪ್ರೋಗ್ರಾಂ. ಎಲ್‌ಎಸ್ ಇಲ್ಲಿ ಅಪರಾಧಿಯಲ್ಲ, ಬಾಗಿಲು ತೆರೆದಾಗ ಒಳಗೆ ಕಂಡದ್ದನ್ನು ಹೇಳಿದ ಸಾಕ್ಷಿ ಅಷ್ಟೆ. ಫೋಲ್ಡರ್ ಒಂದು ಹೆಸರನ್ನು 131099ರ ಕಡೆ ತೋರಿಸುತ್ತಿದೆ, ಆದರೆ ಆ ಐನೋಡ್ ಅಳಿಸಿಹೋಗಿದೆ ಎಂದು ಗುರುತಾಗಿದೆ. ಯಾವ ಫೋಲ್ಡರ್ ಎಂದು ಆಮೇಲೆ ‘ಡಿಬಗ್‌ಎಫ್‌ಎಸ್’ನ ‘ಎನ್‌ಚೆಕ್ 131074’ ತಿಳಿಸುತ್ತದೆ. ಆ ಸಾಧನ ತಾನಾಗಿ ಏನನ್ನೂ ಬರೆಯುವುದಿಲ್ಲ, ಧೈರ್ಯವಾಗಿ ಬಳಸಬಹುದು.

ಅದೇ ಲಾಗ್‌ನಲ್ಲಿ ಈ ಸಾಲಿಗಿಂತ ಮೇಲೆ ‘ಐ/ಓ ಎರರ್, ಡೆವ್ ಎಸ್‌ಡಿಎ, ಸೆಕ್ಟರ್’ ಎಂದೋ, ಎನ್‌ವಿಎಂಇ ಡಿಸ್ಕ್ ಆದರೆ ‘ಟೈಮ್‌ಔಟ್’, ‘ಕಂಟ್ರೋಲರ್ ಈಸ್ ಡೌನ್’ ಎಂದೋ ಇದ್ದರೆ ಸಂಶಯ ಫೈಲ್ ಸಿಸ್ಟಂ ಬಿಟ್ಟು ಡಿಸ್ಕ್ ಅಥವಾ ಅದರ ಡ್ರೈವರ್ ಕಡೆಗೆ ತಿರುಗಬೇಕು. ಟೆಸ್ಟ್ ಕರ್ನಲ್ ಹಾಕಿದ್ದೇವೆ ಎಂಬ ಮಾತ್ರಕ್ಕೆ ಅದರ ಮೇಲೇ ಗೂಬೆ ಕೂರಿಸುವುದೂ ತಪ್ಪು. ಹಳೆಯ ಡಿಸ್ಕ್ ಅದೇ ವಾರ ಸಾಯಬಾರದೆಂದೇನಿಲ್ಲ.

ಲಾಗ್ ಸಿಕ್ಕಿತೆಂದರೆ ಮಷಿನ್ ಆರಿಸಿ. ಬೂಟ್ ಮೆನು ತೋರಿಸುವ ಗ್ರಬ್‌ನ ‘ಅಡ್ವಾನ್ಸ್ಡ್ ಆಪ್ಷನ್ಸ್’ನಲ್ಲಿ ಹಳೆಯ ಕರ್ನಲ್ ಆಯ್ದುಕೊಳ್ಳಬಹುದು ನಿಜ. ಆದರೆ ಅದು ಬೂಟ್ ಆಗುವಾಗ ಅದೇ ಪಾರ್ಟಿಷನ್ ಮೌಂಟ್ ಮಾಡಿ, ಜರ್ನಲ್‌ನಲ್ಲಿ (ಬದಲಾವಣೆಗಳನ್ನು ಮೊದಲು ಗುರುತಿಟ್ಟುಕೊಳ್ಳುವ ದಾಖಲೆಯಲ್ಲಿ) ಬಾಕಿ ಇದ್ದದ್ದನ್ನೆಲ್ಲ ಡಿಸ್ಕ್‌ಗೆ ಇಳಿಸಿಬಿಡುತ್ತದೆ. ಡಿಸ್ಕಿನ ಹಂಗಿಲ್ಲದೆ ತಾನೇ ಲಿನಕ್ಸ್ ಓಡಿಸುವ ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡುವುದು ಮೇಲು, ಅದರಲ್ಲಿರುವ ಕರ್ನಲ್ ಸ್ಥಿರ ಆವೃತ್ತಿಯದಾಗಿರಲಿ. ಅದರಲ್ಲಿನ ಇ2ಎಫ್‌ಎಸ್‌ಪ್ರಾಗ್ಸ್ (ಇಎಕ್ಸ್‌ಟಿ4 ಸಾಧನಗಳ ಕಟ್ಟು) ಹಳೆಯದಾದರೆ ಒಂದು ವಿಚಿತ್ರ ತೊಡಕು ಎದುರಾಗುತ್ತದೆ: ‘ಅನ್‌ಸಪೋರ್ಟೆಡ್ ಫೀಚರ್: ಫೀಚರ್_ಸಿ12, ಗೆಟ್ ಎ ನ್ಯೂಯರ್ ವರ್ಷನ್’. ಇದು ಹಾನಿಯಲ್ಲ. 2023ರಲ್ಲಿ ಬಂದ 1.47.0 ಆವೃತ್ತಿಯಿಂದ ಹೊಸ ಇಎಕ್ಸ್‌ಟಿ4 ಪಾರ್ಟಿಷನ್‌ಗಳಿಗೆ ‘ಆರ್ಫನ್ ಫೈಲ್’ ಎಂಬ ಸೌಲಭ್ಯ ಸೇರಿತು. ಉಬುಂಟು 22.04ರಲ್ಲಿರುವ 1.46.5ಕ್ಕೆ ಅದು ಗೊತ್ತಿಲ್ಲ. ಹೊಸ ಲೈವ್ ಪೆನ್‌ಡ್ರೈವ್ ಮಾಡಿಕೊಂಡರೆ ಮುಗಿಯಿತು.

ಲೈವ್‌ನಲ್ಲಿ ಮೊದಲ ಕೆಲಸ ‘ಬ್ಲಾಕ್‌ಡೆವ್ --ಸೆಟ್‌ಆರ್‌ಒ /ಡೆವ್/ಎಸ್‌ಡಿಎ2’. ಇದು ಪಾರ್ಟಿಷನ್‌ಗೆ ಬೀಗ. ಬರೀ ‘-ಓ ಆರ್‌ಒ’ ಕೊಟ್ಟು ಮೌಂಟ್ ಮಾಡಿದರೆ ಸುರಕ್ಷಿತ ಎಂದು ನಂಬಬೇಡಿ. ಇಎಕ್ಸ್‌ಟಿ4ನಲ್ಲಿ ರೀಡ್-ಓನ್ಲಿ ಮೌಂಟ್ ಕೂಡ ಜರ್ನಲ್ ಓಡಿಸಿ ಡಿಸ್ಕ್‌ಗೆ ಬರೆಯುತ್ತದೆ. ಬರೆಯಬಾರದೆಂದರೆ ‘-ಓ ಆರ್‌ಒ,ನೋಲೋಡ್’ ಎಂದು ಎರಡನ್ನೂ ಕೊಡಬೇಕು.

ನಂತರ ಡಿಸ್ಕಿನ ಆರೋಗ್ಯ. ‘ಸ್ಮಾರ್ಟ್‌ಸಿಟಿಎಲ್ -ಎ /ಡೆವ್/ಎಸ್‌ಡಿಎ’ ತೋರಿಸುವ ಪಟ್ಟಿಯಲ್ಲಿ 5, 197, 198ನೇ ಸಾಲುಗಳ ಕೊನೆಯ ಅಂಕಿ ಸೊನ್ನೆಯೇ ಎಂದು ನೋಡಿ. 5 ಎಂದರೆ ಕೆಟ್ಟು ಬದಲಿಸಿದ ಸೆಕ್ಟರ್‌ಗಳು, 197 ಎಂದರೆ ಓದಲಾಗದೆ ನಿಂತವು, 198 ಎಂದರೆ ಡಿಸ್ಕ್ ತಾನೇ ತಪಾಸಣೆ ಮಾಡಿಕೊಂಡಾಗ ಸರಿಪಡಿಸಲಾಗದೆ ಉಳಿದವು. 199 ಏರಿದ್ದರೆ ಡಿಸ್ಕ್ ಚೆನ್ನಾಗಿಯೇ ಇದ್ದು ಸಾಟಾ ಕೇಬಲ್ ಸಡಿಲವಾಗಿರಬಹುದು. ಎನ್‌ವಿಎಂಇಯಲ್ಲಿ ‘ಮೀಡಿಯಾ ಅಂಡ್ ಡೇಟಾ ಇಂಟೆಗ್ರಿಟಿ ಎರರ್ಸ್’ ಎಂಬ ಸಾಲು ನೋಡಿ. ರ‍್ಯಾಮ್ ಮೇಲೆ ಅನುಮಾನವಿದ್ದರೆ ಮೆಮ್‌ಟೆಸ್ಟ್86+ ಒಂದು ರಾತ್ರಿ ಓಡಲಿ. ಒಂದೇ ಒಂದು ಬಿಟ್ ತಪ್ಪಿದರೂ ಚೆಕ್‌ಸಮ್ ದೋಷವೆಂದು ಅದು ಫೈಲ್ ಸಿಸ್ಟಂ ತಲೆಗೇ ಬರುತ್ತದೆ.

ಈಗ ಪ್ರತಿ. ‘ಡಿಡಿರೆಸ್ಕ್ಯೂ -ಡಿ /ಡೆವ್/ಎಸ್‌ಡಿಎ2’ ಎಂದು ಬರೆದು ಮುಂದೆ ಇಮೇಜ್ ಫೈಲ್ (ಪಾರ್ಟಿಷನ್ನಿನ ಇಡೀ ನಕಲು) ಹೆಸರು, ಆಮೇಲೆ ಮ್ಯಾಪ್ ಫೈಲ್ ಹೆಸರು ಕೊಡಿ. ಎರಡೂ ಬೇರೊಂದು ಡಿಸ್ಕ್‌ನಲ್ಲಿ ಇರಲಿ. ಮ್ಯಾಪ್ ಫೈಲ್ ಇದ್ದರೆ ನಡುವೆ ನಿಂತರೂ ಬಿಟ್ಟ ಕಡೆಯಿಂದ ಮುಂದುವರಿಯುತ್ತದೆ. 500 ಜಿಬಿ ಪಾರ್ಟಿಷನ್‌ಗೆ 500 ಜಿಬಿ ಜಾಗವೇ ಬೇಕು, ಒಳಗೆ 60 ಜಿಬಿ ಮಾತ್ರ ತುಂಬಿದ್ದರೂ. ಹೊರಗಿನ ಡಿಸ್ಕ್ ಫ್ಯಾಟ್32 ಆಗಿದ್ದರೆ 4 ಜಿಬಿ ದಾಟಿದೊಡನೆ ನಿಲ್ಲುತ್ತದೆ, ಆದ್ದರಿಂದ ಮೊದಲೇ ಇಎಕ್ಸ್‌ಟಿ4 ಅಥವಾ ಎಕ್ಸ್‌ಫ್ಯಾಟ್ ಮಾಡಿಟ್ಟುಕೊಳ್ಳಿ. ಯುಎಸ್‌ಬಿ 2 ಪೋರ್ಟ್‌ನಲ್ಲಿ ಸೆಕೆಂಡಿಗೆ 35 ಎಂಬಿ ಸಿಕ್ಕರೆ ಒಂದು ಟಿಬಿ ಪ್ರತಿಗೆ ಎಂಟು ಗಂಟೆ ಹಿಡಿಯುತ್ತದೆ. ನೀಲಿ ಬಣ್ಣದ ಯುಎಸ್‌ಬಿ 3 ಪೋರ್ಟ್ ಇದ್ದರೆ ಅದಕ್ಕೇ ಹಾಕಿ. ಎಂಟು ಗಂಟೆ ಕಾಯುವಷ್ಟು ಸಹನೆ ಇಲ್ಲದವರೇ ‘-ವೈ’ ಒತ್ತುವವರು. ದಯವಿಟ್ಟು ಕಾಯಿರಿ, ಇಡೀ ಕೆಲಸದಲ್ಲಿ ಹಿಂದಕ್ಕೆ ಬರಲು ದಾರಿ ಕೊಡುವುದು ಈ ಒಂದು ಹೆಜ್ಜೆ ಮಾತ್ರ.

ಪರೀಕ್ಷೆ, ರಿಪೇರಿ ಎಲ್ಲ ಈ ಇಮೇಜ್ ಮೇಲೆ. ಇಎಕ್ಸ್‌ಟಿ4ನ ಎಫ್‌ಎಸ್‌ಸಿಕೆ ಆದ ಇ2ಎಫ್‌ಎಸ್‌ಸಿಕೆಗೆ ಪಾರ್ಟಿಷನ್ ಬದಲು ಇಮೇಜ್ ಫೈಲಿನ ಹೆಸರನ್ನೇ ಕೊಡಬಹುದು. ಮೊದಲು ‘ಇ2ಎಫ್‌ಎಸ್‌ಸಿಕೆ -ಎಫ್ -ಎನ್’: ಎಲ್ಲ ಪ್ರಶ್ನೆಗೂ ಅದೇ ‘ಇಲ್ಲ’ ಎಂದು ಉತ್ತರಿಸಿಕೊಂಡು, ಏನನ್ನೂ ಮುಟ್ಟದೆ ವರದಿ ಕೊಡುತ್ತದೆ. ಆ ಓಟದಲ್ಲಿ ಜರ್ನಲ್ ಬಿಟ್ಟುಬಿಡುವುದರಿಂದ ಕೆಲವು ದೋಷಗಳು ನಿಜವಾಗಿ ಇಲ್ಲದೆಯೂ ಕಾಣಬಹುದು. ಮೌಂಟ್ ಆಗಿರುವ ಪಾರ್ಟಿಷನ್ ಮೇಲೆ ಓಡಿಸಿದರಂತೂ ಬರುವ ವರದಿಗೆ ಬೆಲೆಯೇ ಇಲ್ಲ. ‘ಬ್ಯಾಡ್ ಮ್ಯಾಜಿಕ್ ನಂಬರ್ ಇನ್ ಸೂಪರ್‌ಬ್ಲಾಕ್’ ಎಂದರೆ ಎದೆಗೆಡಬೇಡಿ. 4096 ಬೈಟ್ ಬ್ಲಾಕ್‌ನ ಇಎಕ್ಸ್‌ಟಿ4ನಲ್ಲಿ 32768, 98304, 163840, 229376ನೇ ಬ್ಲಾಕ್‌ಗಳಲ್ಲಿ ಸೂಪರ್‌ಬ್ಲಾಕ್‌ನ ಪ್ರತಿಗಳಿವೆ, ಜೊತೆಗೆ ಗ್ರೂಪ್ ಡಿಸ್ಕ್ರಿಪ್ಟರ್‌ಗಳದ್ದೂ. ‘-ಬಿ 32768’ ಸೇರಿಸಿದರೆ ಅಲ್ಲಿಂದ ಓದುತ್ತದೆ. 5.12-ಆರ್‌ಸಿ1ರಂಥ ದೋಷದಲ್ಲಿ ಪಾರ್ಟಿಷನ್ನಿನ ತಲೆ ಹೋದರೂ ಈ ಪ್ರತಿಗಳು ಉಳಿದಿರುವ ಸಾಧ್ಯತೆ ಇರುತ್ತದೆ.

ವರದಿ ಓದಿದ ಮೇಲೆ ‘ಇ2ಎಫ್‌ಎಸ್‌ಸಿಕೆ -ಎಫ್ -ಜೆಡ್’, ಮುಂದೆ ಅಂಡೂ ಫೈಲಿನ ಹೆಸರು, ಆಮೇಲೆ ಇಮೇಜ್. ಬದಲಿಸುವ ಪ್ರತಿ ಬ್ಲಾಕ್‌ನ ಹಳೆಯ ರೂಪವನ್ನು ಅದು ಅಂಡೂ ಫೈಲ್‌ಗೆ ಎತ್ತಿಡುತ್ತದೆ. ಬೇಡವೆನಿಸಿದರೆ ‘ಇ2ಅಂಡೂ’ ಅದನ್ನು ಹಿಂದಕ್ಕೆ ಹಾಕುತ್ತದೆ. ‘-ವೈ’ ಇಲ್ಲದೆ ಓಡಿಸಿ, ಪ್ರಶ್ನೆಗಳನ್ನು ಓದಿ. ಎಲ್ಲ ‘ಕ್ಲಿಯರ್?’ ಒಂದೇ ಅಲ್ಲ. ‘ಎಂಟ್ರಿ ಇಂಥದ್ದು ಹ್ಯಾಸ್ ಡಿಲೀಟೆಡ್/ಅನ್‌ಯೂಸ್ಡ್ ಐನೋಡ್, ಕ್ಲಿಯರ್?’ ಎಂದರೆ ಫೋಲ್ಡರಿನಿಂದ ಹೆಸರು ಹೋಗುತ್ತದೆ. ‘ಇಲ್ಲೀಗಲ್ ಬ್ಲಾಕ್ಸ್, ಕ್ಲಿಯರ್?’ ಎಂದರೆ ಫೈಲಿನ ಒಂದು ತುಂಡೇ ಹೋಗುತ್ತದೆ. ‘ಅನ್‌ಅಟ್ಯಾಚ್ಡ್ ಐನೋಡ್, ಕನೆಕ್ಟ್ ಟು ಲಾಸ್ಟ್+ಫೌಂಡ್?’ ಎಂಬುದಕ್ಕೆ ಹೌದು ಅನ್ನಿ, ಕಳೆದ ಫೈಲ್ ಸಿಗುವುದು ಅಲ್ಲೇ. ಎಚ್ಚರ ಬೇಕಾದದ್ದು ‘ಮಲ್ಟಿಪ್ಲೈ-ಕ್ಲೇಮ್ಡ್ ಬ್ಲಾಕ್ಸ್’ ಬಂದಾಗ. ಒಂದೇ ಬ್ಲಾಕನ್ನು ಎರಡು ಫೈಲ್‌ಗಳು ತಮ್ಮದೆನ್ನುತ್ತಿವೆ ಎಂದರ್ಥ. ಕ್ಲೋನ್ ಮಾಡಿದರೆ ಎರಡಕ್ಕೂ ಒಂದೊಂದು ಪ್ರತಿ ಸಿಗುತ್ತದೆ, ಆದರೆ ಅವುಗಳಲ್ಲಿ ಒಂದರ ಒಳಗಿರುವುದು ಇನ್ನೊಂದರ ಡೇಟಾ. ಆ ಹೆಸರುಗಳನ್ನು ಹಾಳೆಯ ಮೇಲೆ ಬರೆದಿಟ್ಟುಕೊಳ್ಳಿ. ‘-ವೈ’ ಹೊಡೆದವರ ಕಣ್ಣೆದುರು ಈ ಹೆಸರುಗಳು ಸರ್ರನೆ ಓಡಿಹೋಗುತ್ತವೆ, ಯಾವ ಫೈಲ್ ನಂಬಬಾರದು ಎಂದು ಆಮೇಲೆ ತಿಳಿಯುವ ದಾರಿಯೇ ಇರುವುದಿಲ್ಲ.

ಎಕ್ಸ್‌ಎಫ್‌ಎಸ್, ಬಿಟಿಆರ್‌ಎಫ್‌ಎಸ್ ಎಂಬ ಬೇರೆ ಫೈಲ್ ಸಿಸ್ಟಂ ಬಳಸುವವರಿಗೆ ಎರಡೇ ಮಾತು. ‘ಎಕ್ಸ್‌ಎಫ್‌ಎಸ್_ರಿಪೇರ್’ ಲಾಗ್ ಬಾಕಿ ಇದೆ ಎಂದು ನಿರಾಕರಿಸಿದರೆ ದೊಡ್ಡಕ್ಷರದ ‘-ಎಲ್’ ಕೊಡುವ ಮುನ್ನ, ಇಮೇಜನ್ನು ಸ್ಥಿರ ಕರ್ನಲ್‌ನಲ್ಲಿ ಒಮ್ಮೆ ಮೌಂಟ್ ಮಾಡಿ ಅನ್‌ಮೌಂಟ್ ಮಾಡಿ ನೋಡಿ. ‘-ಎಲ್’ ಲಾಗನ್ನೇ ಒರೆಸುತ್ತದೆ. ಬಿಟಿಆರ್‌ಎಫ್‌ಎಸ್‌ನಲ್ಲಿ ‘ಚೆಕ್ --ರಿಪೇರ್’ ಮುಟ್ಟಲೇಬೇಡಿ. ‘-ಓ ಆರ್‌ಒ,ರೆಸ್ಕ್ಯೂ=ಆಲ್’ ಎಂದು ಮೌಂಟ್ ಮಾಡಿ ಫೈಲ್‌ಗಳನ್ನು ಹೊರತೆಗೆಯಿರಿ, ಆಗದಿದ್ದರೆ ‘ಬಿಟಿಆರ್‌ಎಫ್‌ಎಸ್ ರಿಸ್ಟೋರ್’ ಇದೆ.

ಲಾಸ್ಟ್+ಫೌಂಡ್‌ನಲ್ಲಿ ಸಿಗುವ ಫೈಲ್‌ಗಳಿಗೆ ಹೆಸರಿರುವುದಿಲ್ಲ, #131099ರಂಥ ಅಂಕಿ ಮಾತ್ರ. ಹೆಸರು ಇರುವುದು ಫೋಲ್ಡರಿನ ಬ್ಲಾಕ್‌ನಲ್ಲಿ, ಐನೋಡ್‌ನಲ್ಲಿ ಅಲ್ಲ. ‘ಫೈಲ್’ ಕಮ್ಯಾಂಡ್ ಅದು ಚಿತ್ರವೋ ಪಿಡಿಎಫ್ಫೋ ಹೇಳುತ್ತದೆ. ಕನ್ನಡ ಪಠ್ಯ ಹುಡುಕುವವರು ‘ಸ್ಟ್ರಿಂಗ್ಸ್’ ನಂಬಿ ಕೂರಬಾರದು, ಅದು ಸಾಮಾನ್ಯವಾಗಿ ಇಂಗ್ಲಿಷ್ ಅಕ್ಷರಗಳನ್ನಷ್ಟೇ ಹೆಕ್ಕುತ್ತದೆ. ‘ಗ್ರೆಪ್ -ಎ’ ಕೊಟ್ಟು ನೆನಪಿರುವ ಒಂದು ಕನ್ನಡ ಪದವನ್ನೇ ಹುಡುಕಿ. ಯುನಿಕೋಡ್‌ನಲ್ಲಿ ಟೈಪ್ ಮಾಡಿದ ಸಾದಾ ಪಠ್ಯವಾದರೆ ಸಿಗುತ್ತದೆ. ಓಡಿಟಿ, ಡಾಕ್ಸ್ ಫೈಲ್‌ಗಳು ಒಳಗೆ ಜಿಪ್ ಆಗಿರುವುದರಿಂದ ಹಾಗೆ ಸಿಗುವುದಿಲ್ಲ, ಬಿಡಿಸಿ ನೋಡಬೇಕು. ಹಳೆಯ ನುಡಿ ಅಥವಾ ಬರಹದ ಆಸ್ಕಿ ಫಾಂಟ್‌ನಲ್ಲಿ ಮಾಡಿದ ಕಡತಗಳದ್ದು ಇನ್ನೊಂದು ಕಥೆ. ಅವುಗಳೊಳಗೆ ಕನ್ನಡ ಅಕ್ಷರವೇ ಇಲ್ಲ, ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳಿಗೆ ಕನ್ನಡದ ಆಕಾರ ತೊಡಿಸಿರುತ್ತಾರೆ. ಲೈವ್ ಪೆನ್‌ಡ್ರೈವ್‌ನಲ್ಲಿ ಆ ಫಾಂಟ್ ಇರದ ಕಾರಣ ತೆರೆದೊಡನೆ ಅರ್ಥವಿಲ್ಲದ ಗೀಚು ಕಾಣುತ್ತದೆ. ಫೈಲ್ ಕೆಟ್ಟಿದೆ ಎಂದುಕೊಂಡು ಅಳಿಸಿಬಿಡಬೇಡಿ. ಫಾಂಟ್ ಹಾಕಿ ಮತ್ತೊಮ್ಮೆ ತೆರೆದು ನೋಡಿ.

ಎಫ್‌ಎಸ್‌ಸಿಕೆ ‘ಕ್ಲೀನ್’ ಎಂದಿತೆಂದು ಕೆಲಸ ಮುಗಿಯಲಿಲ್ಲ. ಅದು ನೋಡುವುದು ಐನೋಡ್, ಫೋಲ್ಡರ್, ಬಿಟ್‌ಮ್ಯಾಪ್‌ಗಳ ಲೆಕ್ಕವನ್ನು. ಫೈಲಿನೊಳಗಿನ ಬರಹ ಸರಿಯಿದೆಯೇ ಎಂದು ಅದಕ್ಕೆ ಗೊತ್ತಾಗದು. 2023ರ ಡಿಸೆಂಬರ್‌ನಲ್ಲಿ ಆದದ್ದು ಇದೇ, ಅದೂ ಟೆಸ್ಟ್ ಕರ್ನಲ್‌ನಲ್ಲಲ್ಲ, ಸ್ಥಿರವೆಂದು ಬಿಟ್ಟ 6.1.64ರಲ್ಲಿ. ಇಎಕ್ಸ್‌ಟಿ4ನ ಒಂದು ತಿದ್ದುಪಡಿಯನ್ನು ಹಳೆಯ ಕರ್ನಲ್‌ಗೆ ತಂದರು, ಅದಕ್ಕೆ ಜೊತೆಯಾಗಿ ಬೇಕಿದ್ದ ಇನ್ನೊಂದನ್ನು ತರಲಿಲ್ಲ. ಡೈರೆಕ್ಟ್ ಐಓ (ಮೆಮೊರಿಯಲ್ಲಿ ತಡೆದಿಡದೆ ನೇರ ಡಿಸ್ಕ್‌ಗೆ ಬರೆಯುವ ಬಗೆ) ಮೂಲಕ ಬರೆದಾಗ ‘ಎಲ್ಲಿಯವರೆಗೆ ಬರೆದಿದ್ದೇವೆ’ ಎಂಬ ಗುರುತು ತಪ್ಪಿ, ಫೈಲಿನೊಳಗೇ ಡೇಟಾ ತಪ್ಪು ಜಾಗಕ್ಕೆ ಬಿತ್ತು. ಡೆಬಿಯನ್ ಎಂಬ ಲಿನಕ್ಸ್ ವಿತರಣೆ ಡಿಸೆಂಬರ್ 9ರಂದು 12.3 ಆವೃತ್ತಿಯನ್ನು ತಡೆದು, ಮರುದಿನ 6.1.66 ಕರ್ನಲ್ ಜೊತೆ 12.4 ಬಿಟ್ಟಿತು. ಇಂಥ ಹಾನಿಗೆ ಮದ್ದು ಹಳೆಯ ಬ್ಯಾಕಪ್ ಜೊತೆ ಹೋಲಿಕೆ ಮಾತ್ರ. ‘ಆರ್‌ಸಿಂಕ್ -ಎವಿಎನ್‌ಸಿ’ ಕೊಟ್ಟರೆ ಏನನ್ನೂ ಬದಲಿಸದೆ, ಒಳಗಿನ ಚೆಕ್‌ಸಮ್ ಹೋಲಿಸಿ ಬೇರೆಯಾದ ಫೈಲ್‌ಗಳನ್ನು ಪಟ್ಟಿ ಮಾಡುತ್ತದೆ. ನೀವು ಮುಟ್ಟಿಯೇ ಇಲ್ಲದ ಫೈಲ್ ಆ ಪಟ್ಟಿಯಲ್ಲಿದ್ದರೆ ಅದು ಕೆಟ್ಟಿದೆ. ಸಿಸ್ಟಂ ಫೈಲ್‌ಗಳಿಗೆ ‘ಡೆಬ್‌ಸಮ್ಸ್ -ಎಸ್’ ಇದೆ. ಈ ಪರಿಶೀಲನೆ ಮುಗಿಯುವ ತನಕ ಹಳೆಯ ಬ್ಯಾಕಪ್ ಮೇಲೆ ಹೊಸದನ್ನು ಬರೆಯಬೇಡಿ.

ದೋಷ ಕರ್ನಲ್‌ನದೇ ಎಂದು ಖಚಿತವಾದರೆ ವರದಿ ಮಾಡುವುದು ಟೆಸ್ಟ್ ಕರ್ನಲ್ ಓಡಿಸುವವರ ಕರ್ತವ್ಯ. ಆ ಕರ್ನಲ್ ಹೊರಗೆ ಬಿಡುವುದೇ ಅದಕ್ಕಾಗಿ. ‘ಯುನೇಮ್ -ಆರ್’ ತೋರಿಸುವ ಪೂರ್ತಿ ಆವೃತ್ತಿ, ಕಾನ್ಫಿಗ್ ಫೈಲ್, ಮೊದಲೇ ಉಳಿಸಿದ ಲಾಗ್, ಮತ್ತು ಕರ್ನಲ್ ‘ಟೇಂಟೆಡ್’ ಆಗಿತ್ತೇ ಎಂಬುದು ಇರಲಿ. ಹೊರಗಿನ ಗ್ರಾಫಿಕ್ಸ್ ಡ್ರೈವರ್ ಹಾಕಿದ್ದರೆ ಟೇಂಟೆಡ್ ಆಗುತ್ತದೆ, ಅದನ್ನು ತೆಗೆದು ದೋಷ ಮತ್ತೆ ಬರುತ್ತದೆಯೇ ನೋಡಬೇಕು. ಯಾರಿಗೆ ಕಳಿಸಬೇಕೆಂದು ಕರ್ನಲ್ ಮೂಲದಲ್ಲೇ ಇರುವ ‘ಗೆಟ್_ಮೇಂಟೇನರ್’ ಸ್ಕ್ರಿಪ್ಟ್ ಹೇಳುತ್ತದೆ. ತಪ್ಪು ಸೇರಿದ ಬದಲಾವಣೆಯನ್ನು ‘ಗಿಟ್ ಬೈಸೆಕ್ಟ್’ನಿಂದ ಹಿಡಿಯಬಹುದು. ಪ್ರತಿ ಸಲ ಅರ್ಧ ಅರ್ಧ ಕಳೆಯುವುದರಿಂದ ಹದಿಮೂರು ಸಾವಿರ ಬದಲಾವಣೆಗಳಿದ್ದರೂ ಸುಮಾರು 14 ಸಲ ಕಂಪೈಲ್ ಮಾಡಿದರೆ ಸಿಗುತ್ತದೆ. ಆದರೆ ಬೈಸೆಕ್ಟ್ ನಿಮ್ಮನ್ನು ಕರೆದೊಯ್ಯುವುದು ಇನ್ನೂ ಹಸಿಯಾದ ನಡುವಿನ ಕರ್ನಲ್‌ಗಳಿಗೆ. 5.12-ಆರ್‌ಸಿ1 ಮೇಲೆ ಹೊಸ ಕೆಲಸ ಕಟ್ಟಬೇಡಿ ಎಂದು ಲಿನಸ್ ಹೇಳಿದ್ದಕ್ಕೆ ಕಾರಣವೂ ಇದೇ: ಮುಂದೆ ಯಾರೋ ಬೇರೊಂದು ದೋಷ ಹುಡುಕುತ್ತಾ ಬೈಸೆಕ್ಟ್ ಮಾಡುವಾಗ ಆ ಕರ್ನಲ್‌ಗೆ ಬಂದು ಬಿದ್ದು ಡಿಸ್ಕ್ ಕಳೆದುಕೊಳ್ಳಬಾರದು. ಆದ್ದರಿಂದ ಬೈಸೆಕ್ಟ್ ಯಾವಾಗಲೂ ಕ್ಯುಇಎಂಯು ಎಂಬ ವರ್ಚುವಲ್ ಮಷಿನ್ ಒಳಗೆ, ಹೋದರೂ ಚಿಂತೆಯಿಲ್ಲದ ಇಮೇಜ್ ಮೇಲೆ.

ಸ್ವಂತ ಮಷಿನ್‌ನಲ್ಲೇ ಟೆಸ್ಟ್ ಕರ್ನಲ್ ಓಡಿಸಲೇಬೇಕಾದವರು ಗ್ರಬ್‌ನ ಸೆಟ್ಟಿಂಗ್‌ನಲ್ಲಿ ಡೀಫಾಲ್ಟ್ ಎಂಬುದನ್ನು ‘ಸೇವ್ಡ್’ ಮಾಡಿ, ಸ್ಥಿರ ಕರ್ನಲನ್ನೇ ಡೀಫಾಲ್ಟ್ ಆಗಿ ಇಟ್ಟು, ಹೊಸದಕ್ಕೆ ‘ಗ್ರಬ್-ರೀಬೂಟ್’ ಬಳಸಿ. ಅದು ಒಂದೇ ಸಲಕ್ಕೆ; ಮುಂದಿನ ಬೂಟ್ ತಾನಾಗಿ ಹಳೆಯದಕ್ಕೆ ಮರಳುತ್ತದೆ. ಟೆಸ್ಟ್ ಕರ್ನಲ್‌ಗೆ 30 ಜಿಬಿಯ ಬೇರೆ ರೂಟ್ ಪಾರ್ಟಿಷನ್ ಕೊಟ್ಟು, ಅದರ ಎಫ್‌ಎಸ್‌ಟ್ಯಾಬ್‌ನಲ್ಲಿ (ಮೌಂಟ್ ಆಗಬೇಕಾದ ಪಾರ್ಟಿಷನ್‌ಗಳ ಪಟ್ಟಿಯಲ್ಲಿ) ನಿಮ್ಮ ಹೋಮ್ ಪಾರ್ಟಿಷನ್ ಹೆಸರೇ ಇರದಂತೆ ನೋಡಿಕೊಳ್ಳಿ. ‘ಟ್ಯೂನ್2ಎಫ್‌ಎಸ್ -ಇ ರೀಮೌಂಟ್-ಆರ್‌ಒ’ ಈ ಎರಡೂ ಪಾರ್ಟಿಷನ್‌ಗಳಿಗೆ ಹಾಕಿರಲಿ. ದೋಷ ಕಂಡರೂ ‘ಕಂಟಿನ್ಯೂ’ ಎಂದು ಇದ್ದರೆ ಕರ್ನಲ್ ಬರೆಯುತ್ತಲೇ ಹೋಗುತ್ತದೆ. ಎಲ್‌ವಿಎಂ ಸ್ನ್ಯಾಪ್‌ಶಾಟ್ (ಪಾರ್ಟಿಷನ್ನಿನ ಆ ಕ್ಷಣದ ನಕಲು) ಅದೇ ಡಿಸ್ಕ್‌ನಲ್ಲಿ, ಅದೇ ಬ್ಲಾಕ್ ಪದರದ ಕೆಳಗೆ ಇರುವುದರಿಂದ ಅದನ್ನು ಬ್ಯಾಕಪ್ ಲೆಕ್ಕಕ್ಕೆ ಸೇರಿಸಬೇಡಿ. ಬ್ಯಾಕಪ್ ಡಿಸ್ಕ್‌ನ ಕೇಬಲ್ ಕಿತ್ತಿರಬೇಕು, ಟೆಸ್ಟ್ ಕರ್ನಲ್ ಓಡುವಷ್ಟು ಹೊತ್ತೂ.

ಕೊನೆಗೆ ಎಂಜಿನಿಯರಿಂಗ್ ಕಾಲೇಜುಗಳ ಆಪರೇಟಿಂಗ್ ಸಿಸ್ಟಂ ಲ್ಯಾಬ್ ನಡೆಸುವ ಅಧ್ಯಾಪಕರಲ್ಲಿ ಒಂದು ಕೋರಿಕೆ. ಕರ್ನಲ್ ಕಂಪೈಲ್ ಮಾಡುವ ಅಭ್ಯಾಸದ ಜೊತೆಗೆ ಒಂದು ತರಗತಿಯನ್ನು ಕೆಟ್ಟ ಫೈಲ್ ಸಿಸ್ಟಂ ಬಿಡಿಸಲು ಮೀಸಲಿಡಿ. 1 ಜಿಬಿಯ ಒಂದು ಇಮೇಜ್ ಫೈಲ್ ಸಾಕು: ‘ಎಂಕೆಎಫ್‌ಎಸ್’ನಲ್ಲಿ ‘-ಬಿ 4096’ ಕೊಟ್ಟು ಇಎಕ್ಸ್‌ಟಿ4 ಮಾಡಿ, ಒಂದಷ್ಟು ಫೈಲ್ ತುಂಬಿ ಅನ್‌ಮೌಂಟ್ ಮಾಡಿ. ಆಮೇಲೆ ‘ಡಿಡಿ’ಯಿಂದ ಮೊದಲ 64 ಕೆಬಿಗೆ ಸೊನ್ನೆ ಬರೆಯಿರಿ, ‘ಕಾನ್ವ್=ನೋಟ್ರಂಕ್’ ಸೇರಿಸುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಇಮೇಜೇ 64 ಕೆಬಿಗೆ ಮೊಟಕಾಗುತ್ತದೆ. ವಿದ್ಯಾರ್ಥಿಗಳು 32768ನೇ ಬ್ಲಾಕ್‌ನಿಂದ ಅದನ್ನು ಎಬ್ಬಿಸಲಿ, ಎಲ್ಲ ಪ್ರಶ್ನೆಗೂ ‘-ವೈ’ ಒತ್ತಿದ ಪ್ರತಿಯನ್ನೂ, ಓದಿ ಉತ್ತರಿಸಿದ ಪ್ರತಿಯನ್ನೂ ಪಕ್ಕಪಕ್ಕ ಇಟ್ಟು ನೋಡಲಿ. ಎರಡು ಗಂಟೆಯ ಲ್ಯಾಬ್‌ನಲ್ಲಿ ಆಗುವ ಕೆಲಸ, ಹೊಸ ಉಪಕರಣ ಯಾವುದೂ ಬೇಕಿಲ್ಲ.

ಇಂತಿ,
ಲಿನಕ್ಸ್ ಸರ್ವರ್ ನಿರ್ವಾಹಕ, ಮೈಸೂರು